ಕಡಲಲ್ಲಿ ಎಂಜಿನ್ ಕೈಕೊಟ್ಟರೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹಾಯಿದೋಣಿ ಇಟ್ಟುಕೊಂಡವರು ನಮ್ಮ ಕರಾವಳಿಯಲ್ಲಿ ಕೆಲವೇ ಜನ. ಆದರೂ ಈ ಸಲ ಬಂದ ಪತ್ರಗಳಲ್ಲಿ ಅವರದ್ದೇ ಜಾಸ್ತಿ, ಎಲ್ಲರ ದೂರೂ ಎಂಜಿನ್ ಮೇಲೆಯೇ. ಮೊದಲನೇ ಪತ್ರಕ್ಕೆ ಉದ್ದದ ಉತ್ತರ ಬರೆದಿದ್ದೇನೆ. ಅದರಲ್ಲಿ ಉಳಿದವರಿಗೂ ಬೇಕಾದ್ದು ಉಂಟು.

ಪ್ರಶ್ನೆ: ನಾವು ಮೂವರು ಸ್ನೇಹಿತರು ಸೇರಿ ಗೋವಾದಿಂದ 28 ಅಡಿಯ ಹಳೆಯ ಹಾಯಿದೋಣಿ ಒಂದನ್ನು ತಂದಿದ್ದೇವೆ. ಒಳಗೆ ಎರಡು ಸಿಲಿಂಡರಿನ ಡೀಸೆಲ್ ಎಂಜಿನ್. ಜನವರಿಯಲ್ಲಿ ಮಲ್ಪೆಯಿಂದ ಮಂಗಳೂರಿಗೆ ಹೊರಟೆವು. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಗಾಳಿ ಪೂರ್ತಿ ಬಿದ್ದುಹೋಯಿತು, ಎಂಜಿನ್ ಹಾಕಿದೆವು. ಕಾಪು ದೀಪಸ್ತಂಭದ ಎದುರು ಬಂದಾಗ ಎಂಜಿನ್ ವೇಗ ತಾನಾಗಿ ಏರಿತು, ಇಳಿಯಿತು, ಮತ್ತೆ ಏರಿತು, ಆಮೇಲೆ ನಿಂತೇಹೋಯಿತು. ಸ್ವಲ್ಪ ಹೊತ್ತು ಬಿಟ್ಟು ಸ್ಟಾರ್ಟ್ ಮಾಡಿದರೆ ಐದು ನಿಮಿಷ ಓಡಿ ಪುನಃ ನಿಂತಿತು. ಬ್ಯಾಟರಿ ಖಾಲಿಯಾಗುವವರೆಗೆ ಸೆಲ್ಫ್ ಹೊಡೆದೆವು. ಕೊನೆಗೆ ಮೀನಿನ ಬೋಟಿನವರು ಎಳೆದು ತಂದರು. ಈಗ ಒಬ್ಬ ಮೆಕ್ಯಾನಿಕ್ ಇಂಜೆಕ್ಟರ್ ಹೊಸದು ಹಾಕಬೇಕು, ಎಂಜಿನ್ ಪೂರ್ತಿ ಬಿಚ್ಚಬೇಕು ಎನ್ನುತ್ತಿದ್ದಾರೆ. ಹೌದಾ? ಆ ಹೊತ್ತಿನಲ್ಲಿ ನಾವು ಏನು ಮಾಡಬೇಕಿತ್ತು?
– ಉದ್ಯಾವರದ ಓದುಗರು

ಉತ್ತರ: ಎಂಜಿನ್ ಬಿಚ್ಚಿಸಬೇಡಿ. ಸಿಲಿಂಡರಿಗೆ ಡೀಸೆಲ್ ಚಿಮುಕಿಸುವ ಇಂಜೆಕ್ಟರಿಗೂ ಸದ್ಯಕ್ಕೆ ದುಡ್ಡು ಸುರಿಯಬೇಡಿ. ವೇಗ ಏರಿ ಇಳಿದು ನಿಲ್ಲುವುದು, ಸ್ವಲ್ಪ ಬಿಟ್ಟರೆ ಮತ್ತೆ ಓಡುವುದು, ಇದು ಡೀಸೆಲ್ ಸರಿಯಾಗಿ ಬಾರದ ಲಕ್ಷಣ. ಇಂಜೆಕ್ಟರ್ ಕೆಟ್ಟರೆ ಹೊಗೆ ಬರುತ್ತದೆ, ಒಂದು ಸಿಲಿಂಡರ್ ತಪ್ಪುತ್ತದೆ, ಎಂಜಿನ್ ಕುಂಟುತ್ತಾ ಓಡುತ್ತದೆ. ಎರಡೂ ಇಂಜೆಕ್ಟರ್ ಒಟ್ಟಿಗೆ ಕೆಟ್ಟು, ಐದು ನಿಮಿಷ ತಾವಾಗಿ ಸರಿಯಾಗಿ, ಪುನಃ ಒಟ್ಟಿಗೆ ಕೆಡುವುದು ಅಂತ ಇಲ್ಲ ಮಾರಾಯ್ರೆ.

ಎಂಜಿನ್‌ಗಿಂತ ಮೊದಲು ದೋಣಿಯ ಮಾತು. ಎಂಜಿನ್ ನಿಂತ ಕೂಡಲೇ ಮೂವರೂ ಕೆಳಗಿಳಿದು, ಮುಚ್ಚಳ ತೆಗೆದು, ಎಂಜಿನ್ ಸುತ್ತ ಬಗ್ಗಿ ಕೂತಿದ್ದಿರಿ ಎಂದು ನನ್ನ ಊಹೆ. ಮೇಲೆ ದೋಣಿ ಎತ್ತ ಹೋಗುತ್ತಿದೆ ಎಂದು ನೋಡಲು ಯಾರೂ ಇರುವುದಿಲ್ಲ. ಎಂಜಿನ್ ನಿಂತ ಮಾತ್ರಕ್ಕೆ ದೋಣಿ ಮುಳುಗುವುದಿಲ್ಲ, ಆದರೆ ಹೀಗೆ ಬಗ್ಗಿ ಕೂತಿರುವಾಗ ಬಂಡೆಗೆ ಹೋಗಿ ಬಡಿಯಬಹುದು. ಕಾಪುವಿನ ಎದುರು ನೀರಿನೊಳಗೆ ಕಲ್ಲು ಇದೆ ಎಂದು ನಿಮಗೇ ಗೊತ್ತು. ಹಾಗಾಗಿ ಒಬ್ಬರು ಚುಕ್ಕಾಣಿ ಬಿಡಬಾರದು. ದೋಣಿಗೆ ಇನ್ನೂ ಓಟ ಇರುವಾಗಲೇ ಮೂತಿಯನ್ನು ದಡದಿಂದ ಹೊರಕ್ಕೆ, ಪಡುವಣಕ್ಕೆ ತಿರುಗಿಸಬೇಕು. ಇನ್ನೊಬ್ಬರು ಹಾಯಿ ಏರಿಸಬೇಕು, ಗಾಳಿ ಇಲ್ಲದಿದ್ದರೂ ಏರಿಸಬೇಕು, ಏಕೆಂದರೆ ಇಲ್ಲ ಇಲ್ಲ ಎನ್ನುವಾಗಲೂ ಎಲ್ಲೋ ಒಂದು ಸಣ್ಣ ಗಾಳಿ ಬೀಸುತ್ತದೆ. ದಡದ ಕಡೆಗೇ ತೇಲುತ್ತಿದ್ದರೆ ಲಂಗರು ಹಾಕಿ. ನಮ್ಮ ಕಡೆ ಕಡಲ ತಳ ನಿಧಾನವಾಗಿ ಇಳಿಯುತ್ತದೆ, ದಡದಿಂದ ಸುಮಾರು ದೂರದವರೆಗೂ ಲಂಗರಿನ ಹಗ್ಗಕ್ಕೆ ಎಟುಕುವ ಆಳವೇ. ಹತ್ತು ಮೀಟರ್ ಆಳಕ್ಕೆ ಐವತ್ತರಿಂದ ಎಪ್ಪತ್ತು ಮೀಟರ್ ಹಗ್ಗ ಬಿಡಿ. ಇಪ್ಪತ್ತು ಮೀಟರ್ ಬಿಟ್ಟು ಲಂಗರು ಹಿಡಿಯಲಿಲ್ಲ ಎಂದು ಬೈದರೆ ಅದರದ್ದೇನು ತಪ್ಪು?

ಇನ್ನೊಂದು ಲೆಕ್ಕ ನೋಡಿ. ಮಳೆಗಾಲ ಬಿಟ್ಟು ಉಳಿದ ತಿಂಗಳಲ್ಲಿ ರಾತ್ರಿ ಮತ್ತು ಬೆಳಗಿನ ಜಾವ ನಮ್ಮಲ್ಲಿ ನೆಲದಿಂದ ಕಡಲಿಗೆ ಮೂಡುಗಾಳಿ. ಬಿಸಿಲೇರುವಾಗ ನಡುವೆ ಒಂದೆರಡು ಗಂಟೆ ಏನೂ ಇಲ್ಲ. ಮಧ್ಯಾಹ್ನದಿಂದ ವಾಯವ್ಯದ ಕಡಲಗಾಳಿ. ನಿಮ್ಮ ಎಂಜಿನ್ ನಿಂತದ್ದು ಸರಿಯಾಗಿ ಆ ನಡುವಿನ ಹೊತ್ತಿನಲ್ಲಿ. ಲಂಗರು ಹಾಕಿ, ಟೀ ಮಾಡಿ ಕುಡಿದು ಕಾದಿದ್ದರೆ ಮಂಗಳೂರಿಗೆ ಬೇಕಾದ ಗಾಳಿ ಬೆನ್ನ ಹಿಂದಿನಿಂದಲೇ ಬಂದಿರುತ್ತಿತ್ತು. ಮಲ್ಪೆಯಿಂದ ಮಂಗಳೂರಿಗೆ ಸುಮಾರು 30 ನಾಟಿಕಲ್ ಮೈಲು (ಕಡಲಿನ ಮೈಲು, ಒಂದಕ್ಕೆ ಸುಮಾರು 1.85 ಕಿ.ಮೀ.), ನೀವು ಎಂಟು ಹತ್ತು ಮೈಲು ಬಂದಾಗಿತ್ತು. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಅಕ್ಕಿ, ಹೆಂಚು ಒಯ್ಯುತ್ತಿದ್ದ ಮಂಜಿ ಎಂಬ ಸರಕಿನ ಹಡಗುಗಳು ಒಂದು ಕಾಲದಲ್ಲಿ ಬರೀ ಹಾಯಿಯಲ್ಲೇ ಹೋಗಿ ಬರುತ್ತಿದ್ದವು. ಜೋಶುವಾ ಸ್ಲೋಕಮ್ 1895ರಿಂದ 1898ರವರೆಗೆ ಒಬ್ಬನೇ ಲೋಕ ಸುತ್ತಿದ ‘ಸ್ಪ್ರೇ’ ದೋಣಿಗೆ ಎಂಜಿನ್ನೇ ಇರಲಿಲ್ಲ. ನಿಮ್ಮದು ಹಾಯಿದೋಣಿ, ಅದನ್ನು ಮರೆಯಬೇಡಿ.

ಈಗ ಡೀಸೆಲ್. ಹಳೆಯ ದೋಣಿ, ಎಷ್ಟೋ ತಿಂಗಳು ನಿಂತ ಟ್ಯಾಂಕು. ಅರ್ಧ ಖಾಲಿ ಟ್ಯಾಂಕಿನ ಒಳಗೆ ಗಾಳಿಯ ತೇವ ಹನಿಯಾಗಿ ತಳಕ್ಕೆ ಇಳಿಯುತ್ತದೆ. ನೀರು ಕೆಳಗೆ, ಡೀಸೆಲ್ ಮೇಲೆ, ಇವೆರಡರ ನಡುವಿನ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆ ಕಟ್ಟುತ್ತದೆ. ದೋಣಿ ದಕ್ಕೆಯಲ್ಲಿ ಕಟ್ಟಿರುವಾಗ ಅದು ಸುಮ್ನೆ ತಳದಲ್ಲಿ ಬಿದ್ದಿರುತ್ತದೆ, ಹಾಗಾಗಿ ದಕ್ಕೆಯಲ್ಲಿ ಎಂಜಿನ್ ಚೆನ್ನಾಗಿಯೇ ಓಡುತ್ತದೆ. ಕಡಲಿಗೆ ಹೋಗಿ ದೋಣಿ ಓಲಾಡಿದ ಮೇಲೆ ಎಲ್ಲಾ ಕದಡಿ ಫಿಲ್ಟರಿಗೆ ಬಂದು ಕೂರುತ್ತದೆ. ಎಂಜಿನ್ ಯಾವಾಗಲೂ ಬೇಡದ ಜಾಗದಲ್ಲೇ ನಿಲ್ಲುತ್ತದೆ ಎನ್ನುತ್ತೇವಲ್ಲ, ಕಾರಣ ಇದೇ.

ಪರೀಕ್ಷೆ ಸುಲಭ. ಟ್ಯಾಂಕಿನಿಂದ ಬರುವ ಪೈಪಿನ ಮೊದಲನೇ ಫಿಲ್ಟರ್, ನೀರು ಬೇರೆ ಮಾಡುವ ಬಟ್ಟಲು ಇರುವಂಥದ್ದು, ಅದರ ತಳದ ತಿರುಪು ಬಿಚ್ಚಿ ಒಂದು ಗಾಜಿನ ಬಾಟಲಿಗೆ ಇಳಿಸಿ. ಹತ್ತು ನಿಮಿಷ ಅಲುಗಾಡಿಸದೆ ಇಡಿ. ತಳದಲ್ಲಿ ನೀರಿನ ಪದರವೋ ಕಪ್ಪು ಚೂರುಗಳೋ ಕಂಡರೆ ಮೆಕ್ಯಾನಿಕ್ಕಿಗೆ ಆ ಬಾಟಲಿ ತೋರಿಸಿ, ಇಂಜೆಕ್ಟರ್ ಚರ್ಚೆ ಅಲ್ಲಿಗೇ ಮುಗಿಯುತ್ತದೆ.

ಬಾಟಲಿಯಲ್ಲಿ ಡೀಸೆಲ್ ಶುದ್ಧವಾಗಿಯೇ ಇದ್ದರೆ ಇನ್ನೆರಡು ಸಂಶಯ ಉಳಿಯುತ್ತದೆ. ಒಂದು, ಟ್ಯಾಂಕಿನ ಗಾಳಿಕೊಳವೆ ಕಟ್ಟಿರಬಹುದು. ಡೀಸೆಲ್ ಖಾಲಿಯಾದ ಹಾಗೆ ಒಳಗೆ ಗಾಳಿ ಹೋಗಬೇಕಲ್ವಾ, ಹೋಗದಿದ್ದರೆ ಪಂಪು ಎಳೆದೂ ಎಳೆದೂ ಸೋಲುತ್ತದೆ. ಎಂಜಿನ್ ನಿಂತ ಕೂಡಲೇ ಟ್ಯಾಂಕಿನ ಮುಚ್ಚಳ ತೆಗೆದಾಗ ‘ಸುಯ್’ ಎಂದು ಗಾಳಿ ಒಳಗೆ ನುಗ್ಗಿದರೆ ಕಳ್ಳ ಸಿಕ್ಕಿದ ಹಾಗೆ. ಇನ್ನೊಂದು, ಟ್ಯಾಂಕಿನಿಂದ ಪಂಪಿನವರೆಗಿನ ಪೈಪಿನಲ್ಲಿ ಎಲ್ಲೋ ಸಣ್ಣ ಬಿರುಕು. ಅಲ್ಲಿಂದ ಡೀಸೆಲ್ ಹೊರಗೆ ಸೋರುವುದೇ ಇಲ್ಲ, ಹಾಗಾಗಿ ಕಣ್ಣಿಗೆ ಕಾಣುವುದಿಲ್ಲ. ಎಳನೀರಿನ ಸ್ಟ್ರಾದಲ್ಲಿ ತೂತಿದ್ದರೆ ನೀರಿನ ಬದಲು ಬರೀ ಗಾಳಿ ಬಾಯಿಗೆ ಬರುತ್ತದಲ್ಲ, ಹಾಗೆ. ಪೈಪಿನ ಕ್ಲಿಪ್ಪುಗಳು, ಫಿಲ್ಟರಿನ ರಬ್ಬರ್ ರಿಂಗು, ಇವನ್ನು ಮೊದಲು ನೋಡಿ.

ಫಿಲ್ಟರ್ ಬದಲಿಸಿದ ಮೇಲೆ ಪೈಪಿನಲ್ಲಿ ಸಿಕ್ಕಿದ ಗಾಳಿ ತೆಗೆಯದೆ ಎಂಜಿನ್ ಹಿಡಿಯುವುದಿಲ್ಲ. ಇದನ್ನು ಕಡಲಿಗೆ ಹೋಗುವ ಮೊದಲು ದಕ್ಕೆಯಲ್ಲಿ ನೀವೇ ಕೈಯಾರೆ ಮಾಡಿ ಕಲಿಯಿರಿ, ಮೆಕ್ಯಾನಿಕ್ ಪಕ್ಕದಲ್ಲಿ ಕೂತು ನೋಡಲಿ. ಎಂಜಿನ್ ಮೇಲಿರುವ ಎರಡನೇ ಫಿಲ್ಟರಿನ ತಲೆಯಲ್ಲಿ ಒಂದು ಸಣ್ಣ ಬೋಲ್ಟು ಇರುತ್ತದೆ. ಅದನ್ನು ಒಂದೆರಡು ಸುತ್ತು ಸಡಿಲಿಸಿ, ಡೀಸೆಲ್ ಎಳೆಯುವ ಪಂಪಿನ ಬದಿಯ ಪುಟ್ಟ ಹಿಡಿಯನ್ನು ಬೆರಳಿನಿಂದ ಮೇಲೆ ಕೆಳಗೆ ಒತ್ತುತ್ತಾ ಹೋಗಿ. ಮೊದಲು ನೊರೆ, ಆಮೇಲೆ ಗುಳ್ಳೆ, ಆಮೇಲೆ ಬರೀ ಡೀಸೆಲ್ ಬರುತ್ತದೆ. ಬೋಲ್ಟ್ ಬಿಗಿ ಮಾಡಿ. ಹಿಡಿ ಒತ್ತಿದರೂ ಏನೂ ಬಾರದಿದ್ದರೆ ಪಂಪು ಕೆಟ್ಟಿದೆ ಎಂದು ಗಾಬರಿ ಬೇಡ. ಪಂಪನ್ನು ಒತ್ತಿ ಓಡಿಸುವ ಒಳಗಿನ ಉಬ್ಬು, ಅಂದರೆ ಕ್ಯಾಮ್, ಅದನ್ನು ಪೂರ್ತಿ ಒತ್ತಿ ನಿಂತಿರುತ್ತದೆ, ಎಂಜಿನ್ನನ್ನು ಪುಲ್ಲಿ ಹಿಡಿದು ಒಂದು ಸುತ್ತು ತಿರುಗಿಸಿದರೆ ಹಿಡಿಗೆ ಜೀವ ಬರುತ್ತದೆ. ಇದೇ ಕೆಲಸ ಇಂಜೆಕ್ಷನ್ ಪಂಪಿನ ಬೋಲ್ಟಿಗೂ ಮಾಡಿ. ಅಷ್ಟಕ್ಕೂ ಹಿಡಿಯದಿದ್ದರೆ ಇಂಜೆಕ್ಟರಿಗೆ ಹೋಗುವ ಪೈಪಿನ ನಟ್ಟನ್ನು ಒಂದು ಸುತ್ತು ಸಡಿಲಿಸಿ, ಥ್ರಾಟಲ್ ಪೂರ್ತಿ ಕೊಟ್ಟು ಸೆಲ್ಫ್ ಹೊಡೆದು, ಡೀಸೆಲ್ ಜಿನುಗಿದ ಮೇಲೆ ಬಿಗಿ ಮಾಡಬೇಕು. ಅಲ್ಲಿ ಮಾತ್ರ ಬೆರಳು ಇಡಬೇಡಿ, ಒತ್ತಡಕ್ಕೆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ, ಅದು ಆಸ್ಪತ್ರೆಯ ಕೇಸು.

ಬ್ಯಾಟರಿ ಖಾಲಿಯಾಗುವವರೆಗೆ ಸೆಲ್ಫ್ ಹೊಡೆದೆವು ಎಂದು ಬರೆದಿದ್ದೀರಿ. ನನಗೆ ನಿಜವಾಗಿ ಹೆದರಿಕೆ ಹುಟ್ಟಿಸಿದ ಸಾಲು ಅದು. ನಿಮ್ಮ ಎಂಜಿನ್ನಿಗೆ ತಂಪು ಕೊಡುವ ಕಡಲನೀರು ಕೊನೆಗೆ ಹೊಗೆಯ ಜೊತೆ ಸೈಲೆನ್ಸರಿಗೆ ಬೀಳುತ್ತದೆ. ಎಂಜಿನ್ ಓಡುವಾಗ ಹೊಗೆಯೇ ಆ ನೀರನ್ನು ಹೊರಗೆ ತಳ್ಳುತ್ತದೆ. ಬರೀ ಸೆಲ್ಫ್ ಹೊಡೆಯುವಾಗ ಕಡಲನೀರಿನ ಪಂಪು ನೀರು ತುಂಬಿಸುತ್ತಾ ಹೋಗುತ್ತದೆ, ತಳ್ಳುವುದಕ್ಕೆ ಹೊಗೆ ಇರುವುದಿಲ್ಲ. ಸೈಲೆನ್ಸರ್ ತುಂಬಿ ಉಪ್ಪುನೀರು ಹಿಂದಕ್ಕೆ ಸಿಲಿಂಡರಿಗೆ ಹೋದರೆ ಆಗ ನಿಮ್ಮ ಮೆಕ್ಯಾನಿಕ್ ಹೇಳಿದ್ದೇ ಸರಿಯಾಗುತ್ತದೆ, ಎಂಜಿನ್ ಬಿಚ್ಚಲೇಬೇಕು. ಹಾಗಾಗಿ ಎರಡು ಮೂರು ಸಲಕ್ಕೆ ಹಿಡಿಯದಿದ್ದರೆ ಕಡಲನೀರಿನ ವಾಲ್ವ್ ಮುಚ್ಚಿ, ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಜಾಸ್ತಿ ಹೊಡೆಯಬೇಡಿ, ಎಂಜಿನ್ ಹಿಡಿದ ಕೂಡಲೇ ವಾಲ್ವ್ ತೆರೆಯಿರಿ. ತೆರೆಯಲು ಮರೆತರೆ ಇಂಪೆಲ್ಲರ್, ಅಂದರೆ ಕಡಲನೀರಿನ ಪಂಪಿನ ರಬ್ಬರ್ ಚಕ್ರ, ಸುಟ್ಟು ಹೋಗುತ್ತದೆ. ಈಗಲೂ ಒಮ್ಮೆ ಆಯಿಲ್ ಕಡ್ಡಿ ಎಳೆದು ನೋಡಿ. ಆಯಿಲ್ ಹಾಲು ಬೆರೆಸಿದ ಬಣ್ಣಕ್ಕೆ ತಿರುಗಿದ್ದರೆ ನೀರು ಒಳಗೆ ಹೋಗಿದೆ, ತಡ ಮಾಡದೆ ತೋರಿಸಿ.

ಟ್ಯಾಂಕು ಪೂರ್ತಿ ತೆಗೆದು ತೊಳೆಯುವ ಮೊದಲೇ ಕಡಲಿಗೆ ಹೋಗಲೇಬೇಕು ಎಂದಿದ್ದರೆ ಒಂದು ಉಪಾಯ ಇಟ್ಟುಕೊಳ್ಳಿ. ಹತ್ತು ಲೀಟರಿನ ಕ್ಯಾನಿನಲ್ಲಿ ಸೋಸಿದ ಶುದ್ಧ ಡೀಸೆಲ್, ಒಂದೂವರೆ ಮೀಟರ್ ಪೈಪು. ಟ್ಯಾಂಕು ಕೈಕೊಟ್ಟರೆ ಕ್ಯಾನನ್ನು ಎಂಜಿನ್‌ಗಿಂತ ಎತ್ತರದಲ್ಲಿ ಭದ್ರವಾಗಿ ಕಟ್ಟಿ ನೇರ ಫಿಲ್ಟರಿಗೆ ಜೋಡಿಸಿ, ಹಿಂದೆ ಬರುವ ಪೈಪನ್ನೂ ಅದೇ ಕ್ಯಾನಿಗೆ ಬಿಡಿ. ನಿಮ್ಮಂಥ ಎಂಜಿನ್ ಅಷ್ಟರಲ್ಲಿ ಕೆಲವು ಗಂಟೆ ಓಡುತ್ತದೆ. ಬಂದರಿನ ಬಾಗಿಲು ದಾಟಲು ಅದು ಧಾರಾಳ ಸಾಕು.

ಪ್ರಶ್ನೆ: ಹಳೆ ಬಂದರಿನಿಂದ ಹೊರಟು ಅಳಿವೆ ಬಾಗಿಲು ದಾಟುವಾಗ ಎಂಜಿನ್ ಬಿಸಿಯಾಗಿ ಅಲಾರಾಂ ಹೊಡೆಯಿತು. ಚುಕ್ಕಾಣಿ ನನ್ನ ಕೈಯಲ್ಲಿತ್ತು. ನಮ್ಮ ಯಜಮಾನರು ಕೂಡಲೇ ಆಫ್ ಮಾಡು ಎಂದರು. ನಾನು ಅಲೆ ದಾಟಿ ಹೊರಗೆ ಬಂದ ಮೇಲೆಯೇ ಆಫ್ ಮಾಡಿದೆ. ಎಂಜಿನ್ ಹಾಳು ಮಾಡಿದೆ ಎಂದು ಇನ್ನೂ ಹೇಳುತ್ತಿದ್ದಾರೆ. ಯಾರದ್ದು ಸರಿ?
– ಬೋಳಾರದ ಓದುಗರು

ಉತ್ತರ: ನಿಮ್ಮದೇ ಸರಿ ಅಕ್ಕಾ. ನೇತ್ರಾವತಿ, ಫಲ್ಗುಣಿ ಎರಡೂ ಕಡಲಿಗೆ ಇಳಿಯುವ ಜಾಗ ಅದು, ಮರಳಿನ ದಿಬ್ಬ ಬೇರೆ, ಇಳಿತದ ನೀರಿಗೆ ಕಡಲಗಾಳಿ ಎದುರಾದರೆ ಅಲೆ ಗೋಡೆಯ ಹಾಗೆ ಏಳುತ್ತದೆ. ಅಲ್ಲಿ ಎಂಜಿನ್ ಆಫ್ ಮಾಡಿದರೆ ಎಂಜಿನ್ ಉಳಿಯಬಹುದು, ದೋಣಿ ಉಳಿಯುವುದಿಲ್ಲ. ವೇಗ ಸಾಧ್ಯವಾದಷ್ಟು ತಗ್ಗಿಸಿ ಎರಡು ನಿಮಿಷ ಓಡಿಸಿ ಹೊರಗೆ ಬಂದದ್ದು ಬುದ್ಧಿವಂತಿಕೆ. ತೆರೆದ ಕಡಲಿನಲ್ಲಿ ಅಲಾರಾಂ ಹೊಡೆದಿದ್ದರೆ ಮಾತ್ರ ಯಜಮಾನರು ಹೇಳಿದ ಹಾಗೆ ಕೂಡಲೇ ಆಫ್ ಮಾಡಬೇಕಿತ್ತು.

ಕಾರಣ ಹುಡುಕುವುದು ಹೊರಗಿನಿಂದ. ಹಿಂಬದಿಯಲ್ಲಿ ಹೊಗೆಯ ಜೊತೆ ನೀರು ಚಿಮ್ಮುತ್ತಿತ್ತೇ? ಚಿಮ್ಮುವುದು ನಿಂತು, ಸದ್ದು ಒಣಗಿದ ಹಾಗೆ ಕೇಳಿ, ಬಿಳಿ ಹಬೆ ಬಂದರೆ ಕಡಲನೀರು ಒಳಗೆ ಬರುತ್ತಿಲ್ಲ ಎಂದರ್ಥ. ಹೊಳೆಬಾಯಿಯಲ್ಲಿ ಪ್ಲಾಸ್ಟಿಕ್ ಚೀಲವೇ ಮೊದಲನೇ ಆರೋಪಿ, ದೋಣಿಯ ಹೊಟ್ಟೆಗೆ ಅಂಟಿ ನೀರಿನ ಬಾಯಿ ಮುಚ್ಚುತ್ತದೆ. ಎಷ್ಟೋ ಸಲ ಎಂಜಿನ್ ಆಫ್ ಮಾಡಿದ ಕೂಡಲೇ ತಾನಾಗಿ ಬಿಟ್ಟು ಹೋಗುತ್ತದೆ, ಆಮೇಲೆ ಎಷ್ಟು ಹುಡುಕಿದರೂ ಏನೂ ಸಿಗುವುದಿಲ್ಲ. ವಾಲ್ವ್ ಮುಚ್ಚಿ ಜಾಲರಿ ಡಬ್ಬಿ ತೆಗೆದು ತೊಳೆಯಿರಿ. ಅದು ಶುದ್ಧ ಇದ್ದರೆ ಇಂಪೆಲ್ಲರ್ ನೋಡಿ. ಅದರ ರಬ್ಬರ್ ರೆಕ್ಕೆ ಒಂದು ಮುರಿದಿದ್ದರೂ ಹೊಸದು ಹಾಕಿ, ಮುರಿದ ಚೂರು ಎಲ್ಲಿ ಹೋಯಿತು ಎಂದೂ ಹುಡುಕಿ. ಮುಂದಿನ ಪೈಪಿನಲ್ಲಿ ಅದು ಸಿಕ್ಕಿಕೊಂಡರೆ ಹೊಸ ಇಂಪೆಲ್ಲರ್ ಹಾಕಿಯೂ ಎಂಜಿನ್ ಬಿಸಿಯಾಗುತ್ತಲೇ ಇರುತ್ತದೆ. ಬೆಲ್ಟ್ ಒಂದು ಸಲ ಮುಟ್ಟಿ ನೋಡಿ. ಕೂಲಂಟ್ ಮುಚ್ಚಳವನ್ನು ಎಂಜಿನ್ ಆರುವವರೆಗೆ ತೆಗೆಯಲೇಬೇಡಿ, ಕುದಿನೀರು ಮುಖಕ್ಕೆ ಹಾರುತ್ತದೆ.

ಎಂಜಿನ್ ಆರಿದ ಮೇಲೆ ಸಲೀಸಾಗಿ ಸ್ಟಾರ್ಟ್ ಆಗಿ, ಆಯಿಲ್ ಶುದ್ಧ ಇದ್ದು, ಕೂಲಂಟ್ ಕಡಿಮೆಯಾಗದಿದ್ದರೆ ಏನೂ ಹಾಳಾಗಿಲ್ಲ. ಈ ಪುಟ ಯಜಮಾನರಿಗೆ ತೋರಿಸಿ.

ಪ್ರಶ್ನೆ: ನನ್ನದು 14 ಅಡಿಯ ಸಣ್ಣ ಹಾಯಿದೋಣಿ, ಹಿಂದೆ ಹೊರಗೆ ತೂಗುಹಾಕುವ ಪೆಟ್ರೋಲ್ ಎಂಜಿನ್ (ಔಟ್‌ಬೋರ್ಡ್). ಮಳೆಗಾಲ ಮುಗಿದು ಹೊರಗೆ ತೆಗೆದರೆ ಸ್ಟಾರ್ಟ್ ಆಗಿ ಎರಡು ನಿಮಿಷಕ್ಕೆ ಆಫ್ ಆಗುತ್ತದೆ.
– ಹೆಜಮಾಡಿಯ ಓದುಗರು

ಉತ್ತರ: ನಗಬೇಡಿ, ಮೊದಲು ಟ್ಯಾಂಕಿನ ಮುಚ್ಚಳದ ಗಾಳಿ ತಿರುಪು ತೆರೆದಿದೆಯಾ ನೋಡಿ. ಅರ್ಧ ದೂರು ಅಲ್ಲೇ ಮುಗಿಯುತ್ತದೆ. ಅದು ಸರಿ ಇದ್ದರೆ ಹಳೆಯ ಪೆಟ್ರೋಲನ್ನು ಚೆಲ್ಲದೆ ಪೂರ್ತಿ ಬೇರೆ ಡಬ್ಬಿಗೆ ತೆಗೆದು ಹೊಸದು ಹಾಕಿ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ, ಅದು ತೇವ ಹೀರುತ್ತದೆ. ಮಳೆಗಾಲ ಪೂರ್ತಿ ನಿಂತರೆ ನೀರು, ಎಥನಾಲ್ ಸೇರಿ ತಳಕ್ಕೆ ಇಳಿಯುತ್ತವೆ, ಎಂಜಿನ್ ಮೊದಲು ಕುಡಿಯುವುದು ಆ ತಳದ್ದನ್ನೇ. ಕಾರ್ಬ್ಯುರೇಟರಿನ ಜೆಟ್ಟಿನಲ್ಲಿ ಅಂಟು ಕಟ್ಟಿರುತ್ತದೆ, ಬಿಚ್ಚಿ ತೊಳೆಸಿ. ಬರುವ ಮೇ ತಿಂಗಳಲ್ಲಿ ಒಳಗಿಡುವ ಮೊದಲು ಪೆಟ್ರೋಲ್ ಪೈಪು ಕಳಚಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಿ.

ಪ್ರಶ್ನೆ: ಎಂಜಿನ್ ಹೋಯಿತು, ಗಾಳಿಯೂ ಇಲ್ಲ, ಲಂಗರೂ ಹಿಡಿಯುತ್ತಿಲ್ಲ. ಯಾರನ್ನು ಕರೆಯುವುದು? ಮೀನಿನ ಬೋಟಿನವರು ಎಳೆದರೆ ದೋಣಿ ಮುರಿಯುತ್ತದೆ ಎನ್ನುತ್ತಾರಲ್ಲ?
– ಸುರತ್ಕಲ್ಲಿನ ಓದುಗರು

ಉತ್ತರ: ವಿಎಚ್‌ಎಫ್ ರೇಡಿಯೊ (ಹಡಗು, ದೋಣಿಯವರು ಮಾತಾಡುವ ರೇಡಿಯೊ) ಇದ್ದರೆ 16ನೇ ಚಾನೆಲ್. ಜೀವಕ್ಕೆ ಈಗಲೇ ಅಪಾಯ ಇಲ್ಲದಿದ್ದರೆ ‘ಪ್ಯಾನ್ ಪ್ಯಾನ್’ ಎಂದು ಮೂರು ಸಲ ಹೇಳಿ ಜಾಗ ತಿಳಿಸಿ, ಬಂಡೆ ಹತ್ತಿರ ಬರುತ್ತಿದ್ದರೆ ‘ಮೇ ಡೇ’. ಮೊಬೈಲ್ ಸಿಗ್ನಲ್ ಇದ್ದರೆ ಕೋಸ್ಟ್ ಗಾರ್ಡ್‌ಗೆ 1554, ಕರಾವಳಿ ಕಾವಲು ಪೊಲೀಸರಿಗೆ 1093. ಕತ್ತಲಾಗುವವರೆಗೆ ಕಾದು ಕರೆಯಬೇಡಿ. ಹಗಲಿನಲ್ಲಿ ಸುಲಭದ ಕೆಲಸ ರಾತ್ರಿ ಹತ್ತು ಪಟ್ಟು ಕಷ್ಟ.

ಮೀನಿನ ಬೋಟಿನವರು ಕೇಳದೆಯೇ ಬಂದು ಸಹಾಯ ಮಾಡುವವರು, ನಮ್ಮ ಕಡಲಿನ ದೊಡ್ಡ ಭಾಗ್ಯ ಅದು. ಆದರೆ ಅವರ ಎಂಜಿನ್ನಿಗೆ ನಿಮ್ಮ ದೋಣಿ ಒಂದು ಭಾರವೇ ಅಲ್ಲ, ಬೋಟ್ ನಡೆಸುವ ತಾಂಡೇಲರಿಗೆ ಗೊತ್ತಾಗದೆಯೇ ವೇಗ ಏರುತ್ತದೆ. ಹಗ್ಗ ತೆಗೆದುಕೊಳ್ಳುವ ಮೊದಲೇ ಕೂಗಿ ಹೇಳಿ: ಐದು ನಾಟ್‌ಗಿಂತ (ಗಂಟೆಗೆ ಐದು ನಾಟಿಕಲ್ ಮೈಲು) ಜಾಸ್ತಿ ಬೇಡ, ಇಂತಿಂಥ ಜಾಗದವರೆಗೆ, ಡೀಸೆಲ್ಲಿಗೆ ಇಷ್ಟು ಕೊಡುತ್ತೇವೆ. ದುಡ್ಡಿನ ಮಾತು ಮೊದಲೇ ಆದರೆ ದಕ್ಕೆಯಲ್ಲಿ ಮುಖ ಮುರಿಯುವುದಿಲ್ಲ. ಹಗ್ಗವನ್ನು ಮುಂದಿನ ಒಂದೇ ಕೊಕ್ಕೆಗೆ ಕಟ್ಟಬೇಡಿ, ಕಿತ್ತು ಬರುತ್ತದೆ. ಎರಡೂ ಬದಿಯ ಕೊಕ್ಕೆಗೆ ಸುತ್ತಿ ಭಾರವನ್ನು ಹಿಂದೆ ಗಟ್ಟಿ ಜಾಗಕ್ಕೆ, ಹಾಯಿ ಕಟ್ಟುವ ಕೂವೆಮರ ಡೆಕ್ಕನ್ನೇ ತೂರಿ ಕೆಳಗೆ ನಿಂತಿದ್ದರೆ ಅದರ ಬುಡಕ್ಕೆ, ಕೊಂಡೊಯ್ಯಿರಿ. ಹಗ್ಗ ಉದ್ದ ಇರಲಿ, ಹಗ್ಗದ ನೇರಕ್ಕೆ ಯಾರೂ ನಿಲ್ಲುವುದು ಬೇಡ. ಮತ್ತೊಂದು ವಿಷಯ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಆ ಎರಡು ತಿಂಗಳು ಎಳೆಯಲು ಯಾರೂ ಕಡಲಲ್ಲಿ ಇರುವುದಿಲ್ಲ. ಆಗ ಹಾಯಿದೋಣಿ ಹೊರಗೆ ತೆಗೆಯುವ ಯೋಚನೆ ಇದ್ದರೆ ಈಗಲೇ ಬಿಡಿ.

ಪ್ರಶ್ನೆ: ಓಡುತ್ತಿದ್ದ ಎಂಜಿನ್ ‘ಧಡ್’ ಎಂದು ನಿಂತಿತು. ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಆಗುತ್ತದೆ, ಗೇರ್ ಹಾಕಿದರೆ ಪುನಃ ನಿಲ್ಲುತ್ತದೆ.
– ಮಲ್ಪೆಯ ಓದುಗರು

ಉತ್ತರ: ಎಂಜಿನ್ನಿಗೆ ಏನೂ ಆಗಿಲ್ಲ, ನೀರೊಳಗಿನ ಫ್ಯಾನಿಗೆ (ಪ್ರೊಪೆಲ್ಲರಿಗೆ) ಬಲೆಯೋ ಹಗ್ಗವೋ ಸುತ್ತಿದೆ. ಮತ್ತೆ ಮತ್ತೆ ಗೇರ್ ಹಾಕಿ ಬಿಡಿಸಲು ಹೋದರೆ ಇನ್ನೂ ಬಿಗಿಯಾಗುತ್ತದೆ, ಫ್ಯಾನ್ ತಿರುಗಿಸುವ ಶಾಫ್ಟ್ ಕೂಡ ಎಳೆದು ಬರಬಹುದು. ಎಂಜಿನ್ ಆಫ್ ಮಾಡಿ. ಹಗ್ಗದ ತುದಿ ಮೇಲೆ ಸಿಕ್ಕರೆ ಒಬ್ಬರು ಎಳೆಯಲಿ, ಒಬ್ಬರು ಒಳಗಿನಿಂದ ಶಾಫ್ಟನ್ನು ಕೈಯಲ್ಲೇ ಹಿಂದಕ್ಕೆ ತಿರುಗಿಸಲಿ. ಕೆಲವು ಸಲ ಅಷ್ಟಕ್ಕೇ ಬಿಡುತ್ತದೆ.

ನೀರಿಗೆ ಇಳಿಯಲೇಬೇಕಾದರೆ ಎಂಜಿನ್ನಿನ ಬೀಗದ ಕೈ ಇಳಿಯುವವರ ಹತ್ತಿರವೇ ಇರಬೇಕು, ಸೊಂಟಕ್ಕೆ ಹಗ್ಗ ಕಟ್ಟಿರಬೇಕು, ತಲೆಗೆ ಹೆಲ್ಮೆಟ್ ಬೇಕು. ಬೈಕಿನದ್ದಲ್ಲ, ನೀರು ತುಂಬಿ ಕತ್ತು ಎಳೆಯುತ್ತದೆ, ಸೈಕಲ್ಲಿನದ್ದು ಸಾಕು. ಅಲೆಗೆ ದೋಣಿಯ ಹಿಂಬದಿ ಎದ್ದು ಬೀಳುತ್ತಿದ್ದರೆ ಇಳಿಯುವುದೇ ಬೇಡ, ಹಾಯಿಯಲ್ಲಿ ಬಂದು ಮಲ್ಪೆ ಪಕ್ಕದ ತೊಟ್ಟಂ ಕಡೆ ನೀರು ಶಾಂತ ಇರುವ ಹೊತ್ತಿನಲ್ಲಿ ಲಂಗರು ಹಾಕಿ ಮಾಡಿ. ಚೂಪು ಚೂರಿಗಿಂತ ಬ್ರೆಡ್ ಕೊಯ್ಯುವ ಹಲ್ಲಿನ ಚೂರಿ ನೈಲಾನ್ ಬಲೆಗೆ ಒಳ್ಳೆಯದು. ಬಿಡಿಸಿದ ಮೇಲೆ ಎಂಜಿನ್ ಓಡಿಸಿ, ಶಾಫ್ಟ್ ಹೊರಗೆ ಹೋಗುವ ಜಾಗದಲ್ಲಿ ಕಣ್ಣಿಟ್ಟು ನೋಡಿ. ಮೊದಲಿಗಿಂತ ಜಾಸ್ತಿ ನೀರು ಒಳಗೆ ಬರುತ್ತಿದ್ದರೆ ಸೆಂಟ್ ಮೇರೀಸ್ ದ್ವೀಪಕ್ಕೆ ಹೋಗುವ ಪ್ಲಾನು ಇದ್ದರೂ ಬಿಟ್ಟು ನೇರ ಬಂದರಿಗೆ ವಾಪಸ್ ಬನ್ನಿ.